22 ತಿಂಗಳು ಬಳಸಿದ ಮೇಲೆ: ಹೋಟೆಲಿಗೆ ಸಾಕು, ಬೀಗರ ಮನೆ ಊಟಕ್ಕೆ ಸಾಲದು

ಫ್ರೆಂಚ್ ಕಲಿಸುವ ಈ ಆ್ಯಪ್‌ಗೆ ಐದಕ್ಕೆ ಮೂರೂವರೆ ಕೊಡುತ್ತಿದ್ದೇನೆ. ಆರೇ ತಿಂಗಳಿಗೆ ಬರೆದಿದ್ದರೆ ಐದಕ್ಕೆ ಐದೂ ಕೊಡುತ್ತಿದ್ದೆ. ಕಲಿತದ್ದನ್ನು ಊಟದ ಮೇಜಿನಲ್ಲಿ ಒಮ್ಮೆ ಬಳಸಿ ನೋಡಿಯೇ ಬರೆಯೋಣ ಎಂದು ಕಾದದ್ದು ಒಳ್ಳೆಯದಾಯಿತು.

ನಾನು ಬ್ಯಾಂಕಿನಿಂದ ನಿವೃತ್ತಳಾದವಳು. ಮನೆ ಉಡುಪಿ ಕುಂಜಿಬೆಟ್ಟಿನಲ್ಲಿ. ಮಗಳು ಫ್ರಾನ್ಸಿನ ಲಿಯೋನ್‌ನಲ್ಲಿದ್ದಾಳೆ, ಅಳಿಯ ಅಲ್ಲಿಯವನೇ. ಬೀಗರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮದುವೆಗೆ ಅವರು ಇಲ್ಲಿಗೆ ಬಂದಿದ್ದಾಗ ನಾನೂ ಬೀಗಿತ್ತಿಯೂ ಮೂರು ದಿನ ಮುಖ ಮುಖ ನೋಡಿ ನಕ್ಕದ್ದೇ ಬಂತು. ಕೊನೆಗೆ ದವಡೆ ನೋವು. ಅವರು ವಾಪಸ್ ಹೋದ ವಾರವೇ ಈ ಆ್ಯಪ್‌ಗೆ ಒಂದು ವರ್ಷದ ದುಡ್ಡು ಕಟ್ಟಿದೆ. (ಅಂದ ಹಾಗೆ, ‘ಬೀಗಿತ್ತಿ’ಗೆ ಫ್ರೆಂಚಿನಲ್ಲಿ ಒಂದು ಪದ ಇಲ್ಲ. ‘ನನ್ನ ಮಗಳ ಅತ್ತೆ’ ಎಂದು ಸುತ್ತಿ ಬಳಸಿಯೇ ಹೇಳಬೇಕು. ಅತ್ತೆಗೆ ಅವರು ಹೇಳುವ ‘ಬೆಲ್-ಮೇರ್’ ಮಲತಾಯಿಗೂ ಅದೇ. ನಮ್ಮ ಭಾಷೆ ಎಷ್ಟು ಶ್ರೀಮಂತ ಅಲ್ವಾ ಅನಿಸಿತು.)

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಊಟದ ವಿಷಯ ಮಾತಾಡಲು ಫ್ರೆಂಚಿನಲ್ಲಿ ದೊಡ್ಡ ತೊಡಕು ಪದಗಳದ್ದಲ್ಲ, ಪದಕ್ಕೆ ಮೊದಲು ಬರುವ ಪುಟ್ಟ ತುಣುಕಿನದ್ದು. ‘ಅನ್ನ ತಿನ್ನುತ್ತೇನೆ’ ಎಂದು ಬೋಳಾಗಿ ಹೇಳುವಂತಿಲ್ಲ. ‘ದ್ಯು ರಿ’ ಎನ್ನಬೇಕು, ಅಂದರೆ ಒಂದಷ್ಟು ಅನ್ನ. ಫ್ರೆಂಚಿನಲ್ಲಿ ವಸ್ತುಗಳಿಗೂ ಗಂಡು, ಹೆಣ್ಣು ಎಂಬ ಭೇದ ಇದೆ. ಸೂಪು ಹೆಣ್ಣು, ಹಾಗಾಗಿ ‘ದ್ ಲಾ ಸೂಪ್’. ನೀರಿಗೆ ‘ದ್ ಲೊ’. ಅನ್ನ ನನಗೆ ಇಷ್ಟ ಎನ್ನುವಾಗ ಮಾತ್ರ ‘ಲ ರಿ’, ಯಾಕೆಂದರೆ ಆಗ ಲೋಕದ ಅನ್ನವೆಲ್ಲ ಬಂತು. ಬೇಡ ಎಂದರೆ ಇದೆಲ್ಲ ಹೋಗಿ ಬರೀ ‘ದ್’ ಉಳಿಯುತ್ತದೆ. ಚಾಕು ಗಂಡು, ಚಮಚ ಹೆಣ್ಣು, ಫೋರ್ಕೂ ಹೆಣ್ಣು. ಯಾಕೆ ಎಂದು ಕೇಳಬಾರದು.

ಇದನ್ನು ಆ್ಯಪ್ ಚೆನ್ನಾಗಿ ತಲೆಗೆ ಹೊಗಿಸಿತು. ತಪ್ಪಿದ ವಾಕ್ಯ ಎರಡು ದಿನ ಬಿಟ್ಟು ಮತ್ತೆ ಬರುತ್ತದೆ, ಮತ್ತೆ ಒಂದು ವಾರ ಬಿಟ್ಟು ಬರುತ್ತದೆ. ಸಾಲ ವಸೂಲಿಯವರ ಹಾಗೆ, ಬಿಡುವುದೇ ಇಲ್ಲ. ನಿಧಾನವಾಗಿ ಕೇಳಿಸುವ ಬಟನ್ ಕೂಡ ನನ್ನಂಥವರಿಗೆ ವರ. ನಾಲ್ಕನೇ ತಿಂಗಳಿಗೆ ಮನೆಯಲ್ಲಿ ಬಡಿಸುವಾಗಲೂ ‘ದ್ಯು ರಿ, ದ್ ಲೊ’ ಎಂದು ಬಾಯಿಗೆ ಬರಲು ಶುರುವಾಯಿತು. ಇವರು ಸಾರಿನ ಸೌಟು ಹಿಡಿದುಕೊಂಡು, “ಎಂತ ಮಂತ್ರ ಅದು?” ಎಂದು ಕೇಳಿದರು.

ಆದರೆ ಇದರ ಊಟದ ಪಾಠವೆಲ್ಲ ಹೋಟೆಲಿನಲ್ಲೇ ನಡೆಯುತ್ತದೆ. ಟೇಬಲ್ ಬುಕ್ ಮಾಡುವುದು, ಮೆನು ಕೇಳುವುದು, ಬಿಲ್ ತರಿಸುವುದು. ಮನೆಯಲ್ಲಿ ಯಾರು ಬಿಲ್ ಕೇಳುತ್ತಾರೆ? ಕಳೆದ ಮೇ ತಿಂಗಳಲ್ಲಿ ಹೋಗಿ ಆರು ವಾರ ಲಿಯೋನ್‌ನಲ್ಲಿದ್ದೆ. ಪ್ರತಿ ಭಾನುವಾರ ಮಧ್ಯಾಹ್ನ ಬೀಗರ ಮನೆಯಲ್ಲಿ ಊಟ. ಅಲ್ಲಿ ಜನ ಪೂರ್ತಿ ವಾಕ್ಯವನ್ನೇ ಆಡುವುದಿಲ್ಲ. ‘ತಿಯಾಂ’ ಎಂದರೆ ತಗೊ, ‘ಸೆರ್-ತ್ವಾ’ ಎಂದರೆ ನೀನೇ ಬಡಿಸಿಕೊ. ಈ ಎರಡನ್ನು ಮೊದಲ ಭಾನುವಾರ ಹತ್ತು ಸಲವಾದರೂ ಕೇಳಿರಬೇಕು. ಆ್ಯಪ್‌ನಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ‘ಮೆರ್ಸಿ’ಯಿಂದ, ಅಂದರೆ ಧನ್ಯವಾದದಿಂದ. ಬೀಗಿತ್ತಿ ಆಲೂಗಡ್ಡೆಯ ಗ್ರಾತ್ಯಾಂ ಪಾತ್ರೆ ಹಿಡಿದು ಇನ್ನು ಸ್ವಲ್ಪ ಹಾಕಲೇ ಎಂದು ಕೇಳಿದರು. ಮೇಲೆ ಕೆನೆ ಕಂದು ಬಣ್ಣಕ್ಕೆ ತಿರುಗಿತ್ತು, ನನಗೆ ಬೇಕೇ ಬೇಕಿತ್ತು. ಸಂತೋಷದಿಂದ ‘ಮೆರ್ಸಿ’ ಎಂದೆ. ಪಾತ್ರೆ ಸೀದಾ ಪಕ್ಕದವರ ಹತ್ತಿರ ಹೋಯಿತು. ಬಡಿಸುವಾಗ ಬರೀ ‘ಮೆರ್ಸಿ’ ಎಂದರೆ ಸಾಕು ಎಂದರ್ಥವಂತೆ. ಬೇಕು ಎನ್ನಲು ‘ವೊಲೊಂತಿಯೆ’ ಎನ್ನಬೇಕು. ನಮ್ಮಲ್ಲಿ ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಪಾಯಸ ಸುರಿಯುತ್ತಾರೆ. ಅಲ್ಲಿ ಒಂದು ಮಾತಿಗೆ ಪಾತ್ರೆಯೇ ಹೋಗುತ್ತದೆ. ಇಷ್ಟು ಮುಖ್ಯ ವಿಷಯ 22 ತಿಂಗಳ ಪಾಠದಲ್ಲಿ ಎಲ್ಲೂ ಇಲ್ಲ.

ಇನ್ನು ನಮ್ಮ ಉಚ್ಚಾರ ಕೇಳಿ ಟಿಕ್ ಹಾಕುವ ಮೈಕ್‌ನ ಕತೆ. ನಾವು ಮೀನು, ಮಾಂಸ, ಮೊಟ್ಟೆ ಏನೂ ತಿನ್ನುವವರಲ್ಲ. ಅಲ್ಲಿ ‘ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ಕೆಲವರು ಮೀನು ತಂದಿಡುತ್ತಾರೆ ಎಂದು ಮಗಳು ಮೊದಲೇ ಎಚ್ಚರಿಸಿದ್ದಳು. ಹಾಗಾಗಿ ‘ನಾನು ಮೀನು ತಿನ್ನುವುದಿಲ್ಲ’ ಎಂಬ ವಾಕ್ಯವನ್ನು ಮೈಕ್‌ಗೆ ನೂರು ಸಲ ಹೇಳಿ ಅಭ್ಯಾಸ ಮಾಡಿದ್ದೆ. ಪ್ರತಿ ಸಲ ಹಸಿರು ಟಿಕ್. ಅಲ್ಲಿ ಮೇಜಿನಲ್ಲಿ ಹೇಳಿದರೆ ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಬೀಗರು ಗಂಭೀರವಾಗಿ ‘ನು ನೊಂ ಪ್ಲ್ಯೂ’ ಎಂದರು, ಅಂದರೆ ನಾವೂ ತಿನ್ನುವುದಿಲ್ಲ. ಅಳಿಯ ನೀರು ಕುಡಿಯುತ್ತಿದ್ದವನು ಕೆಮ್ಮಿಬಿಟ್ಟ. ಮೀನು ‘ಪ್ವಾಸೊಂ’, ವಿಷ ‘ಪ್ವಾಜ಼ೊಂ’. ನಡುವಿನ ಸ ಒತ್ತಿ ಬರಬೇಕು. ನಾನು ಹೇಳಿದ್ದು ‘ವಿಷ ತಿನ್ನುವುದಿಲ್ಲ’ ಎಂದು! ಊರಿಗೆ ಬಂದು ಪರೀಕ್ಷೆ ಮಾಡಿದೆ. ಬೇಕೆಂದೇ ವಿಷ ಎಂದೆ, ಮತ್ತೆ ಹಸಿರು ಟಿಕ್. ಮೈಕ್‌ನ ಟಿಕ್ ನಂಬಬೇಡಿ.

ಮೊಟ್ಟೆಯದೂ ಹಾಗೆಯೇ. ಒಂದು ಮೊಟ್ಟೆ ಎಂದರೆ ಕೊನೆಯ ‘ಫ್’ ಕೇಳುತ್ತದೆ, ಎರಡಾದರೆ ‘ಫ್’ ಮಾಯ. ಇದನ್ನು ಮಾತ್ರ ಆ್ಯಪ್ ಸರಿಯಾಗಿ ಕಲಿಸಿದೆ. ಅಂಗಡಿಯಲ್ಲಿ ಕೇಕಿಗೆ ಮೊಟ್ಟೆ ಹಾಕಿದ್ದೀರಾ ಎಂದು ನಾನೇ ಕೇಳಿ ತಿಳಿದುಕೊಂಡೆ. ಹಾಕಿದ್ದರು.

ಊರಿಗೇ ಸೇರಿದ ತಿಂಡಿಗಳ ಹೆಸರೂ ಇದರಲ್ಲಿಲ್ಲ. ಬೀಗಿತ್ತಿ ಒಂದು ಬಟ್ಟಲು ಮುಂದಿಟ್ಟು ‘ಸೆರ್ವೆಲ್ ದ ಕನ್ಯು’ ಎಂದರು. ‘ಸೆರ್ವೆಲ್’ ಎಂದರೆ ಮೆದುಳು, ಅದು ಗೊತ್ತಿತ್ತು. ಎದೆ ಧಸಕ್ಕೆಂದಿತು. ನೋಡಿದರೆ ಅದು ಸೊಪ್ಪು, ಸಣ್ಣ ಈರುಳ್ಳಿ ಹಾಕಿ ಕಲಸಿದ ಮೆತ್ತಗಿನ ಚೀಸ್. ಲಿಯೋನ್‌ನ ರೇಷ್ಮೆ ನೇಕಾರರ ಮೆದುಳು ಎಂದು ತಮಾಷೆಗೆ ಇಟ್ಟ ಹೆಸರು. ಬ್ರೆಡ್ಡಿಗೆ ಹಚ್ಚಿ ತಿಂದೆ, ನಮ್ಮ ಮೊಸರುಬಜ್ಜಿಯ ತಂಗಿಯ ಹಾಗಿತ್ತು.

ಫ್ರೆಂಚರ ಹಬ್ಬದೂಟವನ್ನು 2010ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆ್ಯಪ್ ಅದನ್ನೊಂದು ಚಿತ್ರದಲ್ಲಿ ಹೇಳಿ ಮುಗಿಸುತ್ತದೆ. ಊಟದಲ್ಲಿ ಯಾವುದರ ನಂತರ ಯಾವುದು ಬರುತ್ತದೆ ಎಂದು ತಿಳಿದಿದ್ದರೆ ಎಷ್ಟು ತಿನ್ನಬೇಕೆಂದು ಅಂದಾಜಾಗುತ್ತಿತ್ತು. ನಾವು ಮಜ್ಜಿಗೆಯಲ್ಲಿ ಮುಗಿಸುವವರು. ಚೀಸ್ ಬಂದಾಗ ಅದೇ ಕೊನೆ ಎಂದುಕೊಂಡು ಹೊಟ್ಟೆ ತುಂಬಿಸಿಕೊಂಡೆ. ಸಿಹಿ ಅದರ ನಂತರ ಬಂತು, ಗುಲಾಬಿ ಬಣ್ಣದ ಬಾದಾಮಿಯ ಟಾರ್ಟ್. ಮೊಟ್ಟೆ ಇಲ್ಲದೆ ನನಗಾಗಿಯೇ ಮಾಡಿದ್ದು! ಬೇಡ ಎನ್ನುವುದು ಹೇಗೆ? ಹೊಟ್ಟೆ ತುಂಬಿದೆ ಎನ್ನಲು ಇಂಗ್ಲಿಷಿನ ‘ಐ ಆ್ಯಮ್ ಫುಲ್’ ಅನ್ನು ನೇರ ಎತ್ತಿ ‘ಜ ಸ್ವಿ ಪ್ಲೆನ್’ ಎಂದೆ. ಮಗಳು ಕಿವಿಯಲ್ಲಿ, “ಅಮ್ಮಾ, ಅದು ಗಬ್ಬದ ದನಕ್ಕೆ ಹೇಳುವುದು!” ಎಂದಳು. ಸುಮ್ನೆ ‘ಚೆನ್ನಾಗಿ ಊಟ ಮಾಡಿದೆ’ ಎಂದರೆ ಸಾಕಂತೆ.

ದುಡ್ಡಿನ ಬಗ್ಗೆ ಎರಡು ಮಾತು. ಎರಡನೇ ವರ್ಷದ ಚಂದಾ ತಾನಾಗಿಯೇ ಕಟ್ ಆಯಿತು, ವಾಪಸ್ ಕೇಳಿದರೆ ಆಗುವುದಿಲ್ಲ ಎಂದರು. 24 ಗಂಟೆ ಮೊದಲೇ ಮೆಸೇಜ್ ಬರಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ ಇದೆ, ಬಂದೂ ಇತ್ತು. ನೋಡದೆ ಹೋದದ್ದು ನಾನು, ಅದೂ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು! ಸೇರಿದ ದಿನವೇ ಆಟೋ ಪೇ ತೆಗೆದುಬಿಡಿ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಹೋದಾಗ ಒಂದು ದಿನವೂ ತಪ್ಪದೆ ಕಲಿತ 140 ದಿನಗಳ ನನ್ನ ಲೆಕ್ಕ ಸೊನ್ನೆಯಾದದ್ದಕ್ಕೂ ಸಿಟ್ಟಿದೆ. ಪಾಠ ಡೌನ್‌ಲೋಡ್ ಮಾಡಿಕೊಳ್ಳಲು ಬಿಡಬಾರದಾ?

ಈಗ ಭಾನುವಾರ ರಾತ್ರಿ ಬೀಗಿತ್ತಿಯ ಜೊತೆ ವಿಡಿಯೊ ಕಾಲ್. ‘ಊಟ ಆಯ್ತಾ’ ಎಂದು ಶುರುಮಾಡಿದರೆ ಅವರು ಮೊದಲೆಲ್ಲ ಗಾಬರಿಯಾಗಿ ತಿಂದದ್ದರ ಪಟ್ಟಿಯನ್ನೇ ಒಪ್ಪಿಸುತ್ತಿದ್ದರು, ಈಗ ನಗುತ್ತಾರೆ. ಹೋದ ವಾರ ತಂಬುಳಿ ಮಾಡುವುದು ಹೇಗೆ ಎಂದು ಕೇಳಿದರು. ಮಜ್ಜಿಗೆ, ತೆಂಗಿನಕಾಯಿ, ಕಾಳುಮೆಣಸು ಎಲ್ಲ ಹೇಳಿದೆ, ‘ದ್ಯು’, ‘ದ್ ಲಾ’ ಕೂಡ ತಪ್ಪಲಿಲ್ಲ. ಒಂದೆಲಗದ ಹತ್ತಿರ ಬಂದು ನಿಂತೆ. ಆ್ಯಪ್‌ನಲ್ಲಿ ಹುಡುಕಿದರೆ ಎಲೆಕೋಸು ತೋರಿಸಿತು. ಅಂಗಳಕ್ಕೆ ಹೋಗಿ ಒಂದು ಎಲೆ ಕಿತ್ತು ತಂದು ಕ್ಯಾಮೆರಾಕ್ಕೆ ಹಿಡಿದೆ.