ಏಳು ಕೆ.ಜಿ. ಬ್ಯಾಗು, ಹದಿನೈದು ರೂಪಾಯಿ ರನ್ನರು: ಮೂರು ವರ್ಷ ಬಳಸಿದ ಮೇಲೆ

ಹೋದ ಜನವರಿ, ಬೆಳಗಿನ ಜಾವ ಐದು ಗಂಟೆ, ಗೊರಗುಂಟೆಪಾಳ್ಯದ ಬಸ್ ಸ್ಟಾಪು. ಚಳಿ ಜಾಸ್ತಿ ಇತ್ತು, ಶಾಲು ತೆಗೆಯೋಣ ಅಂತ ಬ್ಯಾಗಿನ ಜಿಪ್ ಎಳೆದೆ. ಶಾಲು ಬಂತು. ಮತ್ತೆ ಜಿಪ್ ಹಾಕಿದರೆ ರನ್ನರ್ (ಹಲ್ಲುಗಳನ್ನು ಸೇರಿಸುತ್ತಾ ಓಡುವ ಲೋಹದ ತುಂಡು) ಮುಂದೆ ಹೋಗುತ್ತಿದೆ, ಹಿಂದೆ ಜಿಪ್ ಬಾಯಿ ಬಿಡುತ್ತಿದೆ. ಮೂರು ಸಲ ಹಾಕಿದೆ, ಮೂರು ಸಲವೂ ಅದೇ. ಹುರಿಹಿಟ್ಟಿನ ಪ್ಯಾಕೆಟ್ ಅರ್ಧ ಹೊರಗೆ ಬಂದು ನಿಂತಿತು. ಮೂರು ವರ್ಷದಿಂದ ಒಂದು ದಿನವೂ ತೊಂದರೆ ಕೊಡದ ಬ್ಯಾಗು. ವಿಮಾನಕ್ಕೆ ಇನ್ನು ಮೂರು ಗಂಟೆ ಇತ್ತು.

ಅವತ್ತಿನಿಂದ ಇದನ್ನು ಬರೆಯಬೇಕು ಅಂತ ಅಂದುಕೊಂಡಿದ್ದೆ. ಬ್ಯಾಗಿನ ಕಂಪನಿ ಹೆಸರು ಹಾಕುತ್ತಿಲ್ಲ. ಹೆಗಲಿಗೆ ಹಾಕುವ, 40 ಲೀಟರಿನ ಇಂಥ ಬ್ಯಾಗುಗಳನ್ನು ಐದಾರು ಕಂಪನಿಯವರು ಮಾಡುತ್ತಾರೆ, ನೋಡಲು ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ. ಯಾವುದನ್ನು ಕೊಂಡರೂ ನೋಡಬೇಕಾದ ಜಾಗ ಒಂದಿದೆ, ಅದನ್ನು ಹೇಳಬೇಕು.

ನಾನು ತುಮಕೂರಿನವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಇಪ್ಪತ್ತೆರಡು ವರ್ಷ ಆಯಿತು. ಅಕ್ಕ ಪುಣೆಯಲ್ಲಿದ್ದಾಳೆ. 2022ರಲ್ಲಿ ಅವಳಿಗೆ ಮಂಡಿ ಆಪರೇಷನ್ ಆದಮೇಲೆ ಎರಡು ತಿಂಗಳಿಗೊಮ್ಮೆ ಹೋಗಿ ಐದಾರು ದಿನ ಇದ್ದು ಬರುತ್ತೇನೆ. ರೈಲಿನಲ್ಲಾದರೆ ಹೋಗುವುದಕ್ಕೇ ಒಂದು ದಿನ ಬೇಕು. ವಿಮಾನದಲ್ಲಿ ಒಂದೂವರೆ ಗಂಟೆ. ಹೊಲಿಗೆಯವರಿಗೆ ಒಂದು ದಿನ ಅಂದರೆ ನಾಲ್ಕು ಬ್ಲೌಸು, ಹಾಗಾಗಿ ಮುಂಚೆಯೇ ಟಿಕೆಟ್ ಮಾಡಿಸಿ ವಿಮಾನದಲ್ಲೇ ಹೋಗುತ್ತೇನೆ.

ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಯಲ್ಲಿ ಒಯ್ಯುವ ಬ್ಯಾಗಿಗೆ ಸಾಮಾನ್ಯವಾಗಿ 7 ಕೆ.ಜಿ. ಅಳತೆ 55, 35, 25 ಸೆಂಟಿಮೀಟರ್. ಅದು ಬಿಟ್ಟು 15 ಕೆ.ಜಿ. ಚೆಕ್-ಇನ್‌ಗೆ, ಅಂದರೆ ವಿಮಾನದ ಹೊಟ್ಟೆಗೆ ಹಾಕಲು, ಕೊಡಬಹುದು. ‘ಸುಮ್ನೆ ಸಿಗೋ ಹದಿನೈದು ಕೆ.ಜಿ. ಯಾಕೆ ಬಿಡ್ತೀಯ’ ಅಂತ ನಮ್ಮ ಮನೆಯವರು ಪ್ರತಿ ಸಲ ಕೇಳುತ್ತಾರೆ. ಆದರೆ ಆ ಹದಿನೈದು ಕೆ.ಜಿ.ಯನ್ನು ವಿಮಾನ ಹೊರುವುದು ಒಂದೂವರೆ ಗಂಟೆ ಮಾತ್ರ. ಉಳಿದ ದಾರಿಯೆಲ್ಲ ಹೊರುವವಳು ನಾನು. ತುಮಕೂರಿನಿಂದ ಗೊರಗುಂಟೆಪಾಳ್ಯಕ್ಕೆ ಕೆ.ಎಸ್‌.ಆರ್‌.ಟಿ.ಸಿ., ಅಲ್ಲಿಂದ ಹೆಬ್ಬಾಳಕ್ಕೆ ಸಿಟಿ ಬಸ್ಸು, ಹೆಬ್ಬಾಳದಿಂದ ಏರ್‌ಪೋರ್ಟಿಗೆ ಹೋಗುವ ವಾಯುವಜ್ರ ಬಸ್ಸು. ಮೂರು ಸಲ ಹತ್ತಬೇಕು, ಮೂರು ಸಲ ಇಳಿಯಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ ದುಡ್ಡು ಉಳಿದಿದೆ, ಅದಕ್ಕೆ ನಾನು ಋಣಿ. ಬಸ್ಸಿನಲ್ಲಿ ಜನವೂ ಜಾಸ್ತಿ ಆಗಿದ್ದಾರೆ. ನಿಂತೇ ಹೋಗಬೇಕಾದಾಗ ಚಕ್ರದ ಸೂಟ್‌ಕೇಸ್ ಎಲ್ಲಿಡುತ್ತೀರಿ? ಹೆಗಲಿಗೆ ಹಾಕುವ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಳ್ಳಬಹುದು, ಕಾಲ ಸಂದಿಯಲ್ಲೂ ಇಡಬಹುದು.

ಬರುವಾಗಂತೂ ಇದರ ಸುಖವೇ ಬೇರೆ. ವಿಮಾನ ಇಳಿದು ಎಲ್ಲರೂ ಲಗೇಜು ಬರುವ ಬೆಲ್ಟಿನ ಸುತ್ತ ನಿಂತು ಕಾಯುತ್ತಿರುತ್ತಾರೆ. ನಾನು ಅವರ ಪಕ್ಕದಲ್ಲೇ ಹಾದು ಸೀದಾ ಹೊರಗೆ ಬಂದು ಬಸ್ಸಿಗೆ ನಿಲ್ಲುತ್ತೇನೆ. ರಾತ್ರಿ ಹೊತ್ತು ಅದರಿಂದ ಒಂದು ಬಸ್ಸು ಮುಂಚೆ ಸಿಕ್ಕರೆ ಮನೆಗೆ ಬಂದು ಬಿಸಿ ಅನ್ನ ಉಣ್ಣಬಹುದು.

ಮೊದಲ ಎರಡು ಸಲ ತಮ್ಮನ ಟ್ರಾಲಿ ಬ್ಯಾಗ್ ಒಯ್ದಿದ್ದೆ. ಬರೀ ಬ್ಯಾಗೇ 2 ಕೆ.ಜಿ. 800 ಗ್ರಾಂ. ಏಳರಲ್ಲಿ ಅಷ್ಟು ಹೋದರೆ ಉಳಿಯುವುದೆಷ್ಟು? ಈ ಬ್ಯಾಗು ಖಾಲಿ ಇದ್ದಾಗ 980 ಗ್ರಾಂ. ಎರಡಕ್ಕೂ ವ್ಯತ್ಯಾಸ 1 ಕೆ.ಜಿ. 820 ಗ್ರಾಂ. ಅಷ್ಟಕ್ಕೆ ಒಂದು ಕೆ.ಜಿ. ರಾಗಿ ಹುರಿಹಿಟ್ಟು, ಅರ್ಧ ಕೆ.ಜಿ. ಚಟ್ನಿಪುಡಿ, ಮೇಲೆ ಒಂದು ಪೊಟ್ಟಣ ನಿಪ್ಪಟ್ಟು ಬರುತ್ತದೆ. 3,600 ರೂಪಾಯಿ ಕೊಟ್ಟು ಇದನ್ನು ತೆಗೆದುಕೊಂಡದ್ದು ಇದೊಂದೇ ಲೆಕ್ಕಕ್ಕೆ. ಕಡಿಮೆ ಸಾಮಾನಿನ ಪ್ರಯಾಣ ಅಂದರೆ ಎಲ್ಲರೂ ಬಟ್ಟೆ ಕಡಿಮೆ ಮಾಡುವ ಬಗ್ಗೆ ಹೇಳುತ್ತಾರೆ. ನಮ್ಮಂಥವರ ಬ್ಯಾಗಿನಲ್ಲಿ ಬಟ್ಟೆ ಎಷ್ಟಿರುತ್ತದೆ? ಅರ್ಧ ತೂಕ ಇನ್ನೊಬ್ಬರಿಗಾಗಿ ಒಯ್ಯುವುದೇ ಅಲ್ವಾ. ಬರಿಗೈಯಲ್ಲಿ ಅಕ್ಕನ ಮನೆಗೆ ಹೋಗಲು ನನ್ನಿಂದ ಆಗುವುದಿಲ್ಲ.

ಹೊರಡುವ ಹಿಂದಿನ ರಾತ್ರಿ ಊಟ ಆದಮೇಲೆ ಹೊಲಿಗೆ ಮೇಜು ಖಾಲಿ ಮಾಡಿ ಅದರ ಮೇಲೆ ಬ್ಯಾಗ್ ಬಿಚ್ಚಿ ಮಲಗಿಸುತ್ತೇನೆ. ಇದು ಸೂಟ್‌ಕೇಸಿನ ಹಾಗೆ ಮೂರೂ ಕಡೆ ತೆರೆದುಕೊಳ್ಳುತ್ತದೆ, ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತದೆ. ಎರಡು ಸಿಂಥೆಟಿಕ್ ಸೀರೆ, ಒಂದೊಂದೂ 350 ಗ್ರಾಂ. ಕಾಟನ್ ಸೀರೆ ನನಗೆ ತುಂಬಾ ಇಷ್ಟ, ಆದರೆ ತೂಕ ಜಾಸ್ತಿ, ಒಗೆದರೆ ಬೆಳಿಗ್ಗೆಗೆ ಒಣಗುವುದಿಲ್ಲ. ಹಾಗಾಗಿ ಕಾಟನ್ ಸೀರೆಯನ್ನು ಉಟ್ಟುಕೊಂಡೇ ಹೋಗುತ್ತೇನೆ. ಸೀರೆಯನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ, ಅದರೊಳಗೆ ಅದರದ್ದೇ ಬ್ಲೌಸು ಮತ್ತು ಲಂಗ ಇಟ್ಟು, ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತುತ್ತೇನೆ. ಅಲ್ಲಿ ಹೋಗಿ ಒಂದು ಸುರುಳಿ ತೆಗೆದರೆ ಒಂದು ದಿನದ ಬಟ್ಟೆ ಪೂರ್ತಿ ಸಿಗುತ್ತದೆ, ಉಳಿದದ್ದನ್ನು ಕೆದಕುವ ಹಾಗಿಲ್ಲ. ಸುರುಳಿಗಳು ಬೆನ್ನಿನ ಕಡೆಗೆ, ಭಾರದ ಪ್ಯಾಕೆಟ್ಟುಗಳು ಅವುಗಳ ಮೇಲೆ ನಡುವಿಗೆ. ಮೊದಲು ಚಟ್ನಿಪುಡಿಯನ್ನು ಸ್ಟೀಲ್ ಡಬ್ಬಿಯಲ್ಲಿ ಒಯ್ಯುತ್ತಿದ್ದೆ. ಒಂದು ದಿನ ಬರೀ ಡಬ್ಬಿ ತೂಗಿ ನೋಡಿದರೆ 190 ಗ್ರಾಂ! ಈಗ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗಾಳಿ ಪೂರ್ತಿ ಒತ್ತಿ ತೆಗೆದು ಕಟ್ಟುತ್ತೇನೆ. ಗಾಳಿ ಉಳಿದರೆ ವಿಮಾನ ಮೇಲೆ ಹೋದಾಗ ಕವರ್ ಉಬ್ಬುತ್ತದೆ, ಗಂಟು ಸಡಿಲವಾಗುತ್ತದೆ. ಪುಡಿಗಳನ್ನು ಎಲ್ಲಕ್ಕಿಂತ ಮೇಲೆ ಇಡುವುದು ಒಳ್ಳೆಯದು. ಸೆಕ್ಯೂರಿಟಿಯವರು ತೆಗೆದು ತೋರಿಸಿ ಅಂದರೆ ತಕ್ಷಣ ತೋರಿಸಬಹುದು.

ಕೊನೆಗೆ ಕೊಕ್ಕೆ ಇರುವ ಸಣ್ಣ ತಕ್ಕಡಿಗೆ ಬ್ಯಾಗ್ ತಗುಲಿಸಿ ಎತ್ತುತ್ತೇನೆ. 6.8 ಬಂದರೆ ನಿದ್ದೆ ಚೆನ್ನಾಗಿ ಬರುತ್ತದೆ.

ತಿನ್ನುವ ಸಾಮಾನು ಒಯ್ಯುವವರು ಒಂದು ವಿಷಯ ತಿಳಿದಿರಬೇಕು. ನಮ್ಮ ತವರು ತಿಪಟೂರು ಕಡೆ. ಮೊದಲ ಸಲ ಹೋಗುವಾಗ ಅಮ್ಮ ಅಕ್ಕನಿಗೆ ಅಂತ ಆರು ಉಂಡೆ ಕೊಬ್ಬರಿ ಕೊಟ್ಟಿದ್ದರು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ, ಅಲ್ಲಾಡಿಸಿದರೆ ಒಳಗೆ ಗುಂಡು ಕುಣಿಯುವ ಸದ್ದು ಕೇಳಿ ಆರಿಸಿ ಸುಲಿಸಿದ್ದು. ಸೆಕ್ಯೂರಿಟಿಯಲ್ಲಿ ಆರನ್ನೂ ತೆಗೆದಿಟ್ಟರು. ಅವತ್ತು ನನಗೆ ಅಳು ಬಂದಿತ್ತು. ಆಮೇಲೆ ಕಾರಣ ತಿಳಿಯಿತು. ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ ಇರುತ್ತದೆ. ಸ್ವಲ್ಪ ತೇವ ಇದ್ದು ಒತ್ತಾಗಿ ತುಂಬಿಟ್ಟರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಸಾಧ್ಯತೆ ಇದೆ. ಅಪಾಯಕಾರಿ ಸಾಮಾನುಗಳ ವಿಶ್ವಸಂಸ್ಥೆ ಪಟ್ಟಿಯಲ್ಲಿ ಕೊಬ್ಬರಿಗೆ 1363 ಅಂತ ಒಂದು ನಂಬರೇ ಇದೆ. ಕೈಬ್ಯಾಗಿನಲ್ಲಿ ಬಿಡದಿದ್ದರೆ ಚೆಕ್-ಇನ್‌ಗೆ ಹಾಕೋಣ ಅನ್ನುವ ಹಾಗೂ ಇಲ್ಲ. ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆಯವರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಅಕ್ಕನ ಕೊಬ್ಬರಿ ಈಗ ದೀಪಾವಳಿಗೆ ಅವರು ಕಾರಿನಲ್ಲಿ ಬಂದಾಗ ಹೋಗುತ್ತದೆ. ಹೊಲಿಗೆಯವರಿಗೆ ಇನ್ನೊಂದು ಮಾತು: ಕತ್ತರಿ ಒಯ್ಯಬೇಡಿ. ನನ್ನದೊಂದನ್ನು ಅಕ್ಕನ ಮನೆಯಲ್ಲೇ ಇಟ್ಟಿದ್ದೇನೆ. ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಅದು ಕೈಬ್ಯಾಗಿನಲ್ಲೇ ಇರಬೇಕು.

ಈಗ ಜಿಪ್ಪಿಗೆ ಬರುತ್ತೇನೆ. ಅವತ್ತು ಬಸ್ ಸ್ಟಾಪಿನಲ್ಲಿ ನನ್ನ ಬಳೆಯಲ್ಲಿ ಮೂರು ಪಿನ್ನು, ಪರ್ಸಿನಲ್ಲಿ ನಾಲ್ಕು ಪಿನ್ನು ಇದ್ದವು. ಏಳನ್ನೂ ಸಾಲಾಗಿ ಚುಚ್ಚಿ ಬ್ಯಾಗ್ ಮುಚ್ಚಿದೆ. ಪುಣೆಯವರೆಗೂ ಅದನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಹೋದೆ. ಅಕ್ಕನ ಮನೆಯಲ್ಲಿ ಇಕ್ಕಳ ತೆಗೆದುಕೊಂಡು ರನ್ನರಿನ ಎರಡೂ ಪಕ್ಕ ಮೆಲ್ಲಗೆ ಅಮುಕಿದೆ. ಬರುವ ದಿನದ ಮಟ್ಟಿಗೆ ಹಿಡಿಯಿತು. ಹೀಗೆ ಜಾಸ್ತಿ ಅಮುಕಲೂಬಾರದು, ಎರಕದ ಲೋಹ, ಟಕ್ ಅಂತ ಮುರಿಯುತ್ತದೆ.

ವಾಪಸ್ ಬಂದು ಕಂಪನಿಗೆ ಫೋಟೊ ಹಾಕಿ ಬರೆದೆ. ಬ್ಯಾಗಿಗೆ ಐದು ವರ್ಷ ವಾರಂಟಿ ಅಂತ ಚೀಟಿಯಲ್ಲಿ ದೊಡ್ಡದಾಗಿ ಅಚ್ಚಾಗಿತ್ತು. ಎರಡು ದಿನ ಬಿಟ್ಟು ಉತ್ತರ ಬಂತು. ಜಿಪ್ ಸವೆತ ವಾರಂಟಿಗೆ ಬರುವುದಿಲ್ಲವಂತೆ. ಹೊಸ ಬ್ಯಾಗ್ ಕೊಂಡರೆ ಹತ್ತು ಪರ್ಸೆಂಟ್ ಕಡಿಮೆ ಮಾಡುತ್ತಾರಂತೆ. ನನಗೆ ನಿಜವಾಗಿ ಬೇಸರವಾಯಿತು, ಕೋಪವೂ ಬಂತು. ಬಟ್ಟೆ ಹರಿದಿಲ್ಲ, ಪಟ್ಟಿ ಕಿತ್ತಿಲ್ಲ, ಒಂದು ಹೊಲಿಗೆ ಬಿಟ್ಟಿಲ್ಲ. ಹದಿನೈದು ರೂಪಾಯಿ ರನ್ನರಿಗಾಗಿ ಒಂದು ಗಟ್ಟಿ ಬ್ಯಾಗನ್ನು ಎಸೆಯಿರಿ ಅನ್ನುವುದು ಯಾವ ನ್ಯಾಯ? ಒಂದು ರನ್ನರನ್ನು ಲಕೋಟೆಯಲ್ಲಿ ಹಾಕಿ ಕಳಿಸಿದ್ದರೆ ನಾನು ಜನ್ಮವಿಡೀ ಅವರ ಬ್ಯಾಗನ್ನೇ ಹೊಗಳುತ್ತಿದ್ದೆ. ಗಿರಾಕಿ ಬ್ಲೌಸಿನ ಹುಕ್ಕು ಕಿತ್ತು ಬಂದರೆ ಹೊಸ ಬ್ಲೌಸ್ ಹೊಲಿಸಿ ಅಂತ ನಾನು ಹೇಳಿದರೆ ನನ್ನ ಮನೆ ಬಾಗಿಲಿಗೆ ಯಾರು ಬರುತ್ತಾರೆ?

ಆ ಕೋಪದಲ್ಲೇ ಒಂದು ಮಧ್ಯಾಹ್ನ ಬ್ಯಾಗ್ ಎತ್ತಿಕೊಂಡು ಮೆಷಿನ್ ಮುಂದೆ ಕೂತೆ. ರನ್ನರ್ ತಿರುಗಿಸಿ ನೋಡಿದೆ. ಹಿಂದೆ ಸಣ್ಣದಾಗಿ 5 ಅಂತ ಕೆತ್ತಿತ್ತು. ನನಗೆ ಅಲ್ಲೇ ಗೊತ್ತಾಯಿತು. ಜಿಪ್ಪಿಗೆ ನಂಬರ್ ಇರುತ್ತದೆ. ಹಲ್ಲು ಸೇರಿದಾಗಿನ ಅಗಲ ಹೆಚ್ಚುಕಡಿಮೆ ಅಷ್ಟು ಮಿಲಿಮೀಟರ್ ಅಂತ ಲೆಕ್ಕ. ಐದನೇ ನಂಬರ್ ಜಿಪ್ಪನ್ನು ಪರ್ಸಿಗೆ, ದಿಂಬಿನ ಕವರಿಗೆ ಹಾಕುತ್ತೇವೆ. ಏಳು ಕೆ.ಜಿ. ತುಂಬಿ, ಉಬ್ಬಿದ ಹೊಟ್ಟೆಯನ್ನು ಮೂಲೆ ತಿರುಗಿಸಿ ಮುಚ್ಚುವ ದೊಡ್ಡ ಬಾಯಿಗೆ ಎಂಟು ಅಥವಾ ಹತ್ತು ಬೇಕು. ಮೂಲೆಯಲ್ಲಿ ಎಳೆದೆಳೆದು, ಧೂಳು ಸೇರಿ, ರನ್ನರಿನ ಬಾಯಿ ಒಳಗೇ ಸವೆದು ಅಗಲವಾಗುತ್ತದೆ. ಆಮೇಲೆ ಎರಡು ಕಡೆಯ ಹಲ್ಲನ್ನು ಅದು ಒತ್ತಿ ಸೇರಿಸುವುದಿಲ್ಲ. ಹಲ್ಲು ಚೆನ್ನಾಗೇ ಇರುತ್ತದೆ, ಕೆಟ್ಟಿರುವುದು ರನ್ನರ್ ಮಾತ್ರ. ಎಷ್ಟೋ ಜನ ಜಿಪ್ಪೇ ಹೋಯಿತು ಅಂತ ಬ್ಯಾಗ್ ಬಿಸಾಡುವುದು ಇದು ತಿಳಿಯದೇ.

ಚಿಕ್ಕಪೇಟೆಯಲ್ಲಿ ನಾನು ದಾರ, ಲೈನಿಂಗ್ ತರುವ ಅಂಗಡಿಗೆ ಹಳೇ ರನ್ನರನ್ನೇ ಕಿತ್ತು ಒಯ್ದೆ. ಅಂಗಡಿಯವರು ಡಬ್ಬಿ ಸುರಿದು ಕೊಟ್ಟರು. ಐದನೇ ನಂಬರಿನಲ್ಲೇ ನಾಲ್ಕು ಥರ ಇತ್ತು. ಮನೆಯಿಂದ ತಂದಿದ್ದ ಜಿಪ್ ತುಂಡಿಗೆ ಒಂದೊಂದನ್ನೂ ಓಡಿಸಿ ನೋಡಿ, ಬಿಗಿಯಾಗಿ ಕೂರುವ ಎರಡು ಆರಿಸಿದೆ. ಒಂದಕ್ಕೆ ಹದಿನೈದು ರೂಪಾಯಿ. ಬ್ಯಾಗಿನ ಜಿಪ್ ಮುಗಿಯುವ ಕಡೆ ಒಂದು ಇಂಚು ಹೊಲಿಗೆ ಬಿಚ್ಚಿದೆ. ಎರಡು ಪಟ್ಟಿಯ ತುದಿಯನ್ನೂ ಸಮಕ್ಕೆ ಹಿಡಿದು ರನ್ನರಿನ ಎರಡು ಬಾಯಿಗೆ ತೂರಿಸಿದೆ. ಇದೇ ಕಷ್ಟದ ಜಾಗ. ಒಂದು ಹಲ್ಲು ಹೆಚ್ಚುಕಡಿಮೆ ಆದರೂ ಬ್ಯಾಗಿನ ಮೂಲೆ ಸೊಟ್ಟಗೆ ನಿಲ್ಲುತ್ತದೆ. ಮೂರನೇ ಸಲಕ್ಕೆ ಸರಿಯಾಗಿ ಕೂತಿತು. ಎಳೆದೆ. ಸರ್ ಅಂತ ಮೂರೂ ಬದಿ ಮುಚ್ಚಿಕೊಂಡು ಬಂತು. ಆ ಸದ್ದಿಗೆ ನನ್ನ ಕೋಪವೆಲ್ಲ ಇಳಿಯಿತು. ತುದಿಗೆ ಅಡ್ಡ ನಾಲ್ಕು ಸುತ್ತು ಗಟ್ಟಿ ದಾರ ಹಾಕಿ, ಬಿಚ್ಚಿದ ಇಂಚನ್ನು ಮೆಷಿನ್‌ನಲ್ಲಿ ಹೊಲಿದೆ. ಮುಕ್ಕಾಲು ಗಂಟೆ ಹಿಡಿಯಿತು. ಇನ್ನೊಂದು ರನ್ನರ್ ಬ್ಯಾಗಿನ ಒಳಜೇಬಿನಲ್ಲೇ ಇದೆ, ಸೂಜಿ ದಾರದ ಜೊತೆ.

ಹೊಲಿಗೆ ಬಿಚ್ಚಿದಾಗ ಇನ್ನೊಂದನ್ನೂ ಗಮನಿಸಿದೆ, ಅದನ್ನೂ ಹೇಳಲೇಬೇಕು. ಈ ಬ್ಯಾಗ್ ಹೊಲಿದ ಕೈ ಒಳ್ಳೆಯ ಕೈ. ಹೆಗಲ ಪಟ್ಟಿ ಸೇರುವ ಕಡೆಯೆಲ್ಲ ಜೀನ್ಸ್ ಜೇಬಿನ ಮೂಲೆಗೆ ಹಾಕುವಂಥ ಒತ್ತು ಹೊಲಿಗೆ ಇದೆ. ಒಳಗಿನ ಅಂಚಿಗೆಲ್ಲ ಪೈಪಿಂಗ್ ಪಟ್ಟಿ ಸುತ್ತಿದ್ದಾರೆ, ಒಂದು ಎಳೆಯೂ ಹೊರಗೆ ಬಂದಿಲ್ಲ. ಇಷ್ಟು ಶ್ರದ್ಧೆಯಿಂದ ಹೊಲಿದವರ ಕೆಲಸಕ್ಕೆ ಐದನೇ ನಂಬರ್ ಜಿಪ್ ಕೊಟ್ಟವರು ಯಾರೋ. ಅವರು ನಾಲ್ಕು ಕಾಸು ಉಳಿಸಿದರು, ಹೊಲಿದವರಿಗೆ ಕೆಟ್ಟ ಹೆಸರು.

ಮಳೆಗೆ ಇದು ಅಷ್ಟಕ್ಕಷ್ಟೇ. ಪುಣೆಯ ಜುಲೈ ಮಳೆಯಲ್ಲಿ ಒಳಗೆ ತೇವ ಬಂತು, ಈಗ ಒಳಗೊಂದು ಪ್ಲಾಸ್ಟಿಕ್ ಕವರ್ ಹಾಕುತ್ತೇನೆ. ನೀರಿನ ಬಾಟಲಿ ಜೇಬು ಚಿಕ್ಕದು. ನನಗೆ ಅದರಿಂದ ತೊಂದರೆ ಆಗಿಲ್ಲ.

ಕೊಳ್ಳಬೇಕು ಅನ್ನುವವರಿಗೆ: ಅಂಗಡಿಯಲ್ಲಿ ದೊಡ್ಡ ಜಿಪ್ಪಿನ ರನ್ನರ್ ತಿರುಗಿಸಿ ನಂಬರ್ ನೋಡಿ. ಎಂಟು ಇದ್ದರೆ ಐನೂರು ರೂಪಾಯಿ ಜಾಸ್ತಿ ಆದರೂ ಕೊಡಿ. ನನ್ನ ಹಾಗೆ ಒಂದೇ ಮನೆಗೆ ಮತ್ತೆ ಮತ್ತೆ ಹೋಗುವವರಿಗೆ 7 ಕೆ.ಜಿ. ಧಾರಾಳ, ಯಾಕೆಂದರೆ ನನ್ನ ನೈಟಿ, ಚಪ್ಪಲಿ, ಬ್ರಷ್ಷು, ಸ್ವೆಟರ್ ಎಲ್ಲ ಅಲ್ಲೇ ಇವೆ. ಮದುವೆಗೆ ಹೋಗುವವರಿಗೆ ಇದು ಸಾಲದು. ನನ್ನ ಧಾರೆ ಸೀರೆ ಒಂದೇ 900 ಗ್ರಾಂ ತೂಗುತ್ತದೆ. ಬ್ಯಾಗಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಂಪನಿಯ ಆ ಉತ್ತರಕ್ಕೆ ಒಂದೂ ಕೊಡಲಾರೆ.

ರನ್ನರ್ ಹಾಕಿದ ಮೇಲೆ ನಾಲ್ಕು ಸಲ ಹೋಗಿ ಬಂದಿದ್ದೇನೆ. ಈಗ ಜಿಪ್ ಮೂಲೆ ತಿರುಗುವಾಗ ಎಡಗೈಯಿಂದ ಎರಡು ಅಂಚನ್ನೂ ಹತ್ತಿರ ಹಿಡಿದು ಎಳೆಯುತ್ತೇನೆ, ಎಳೆತ ರನ್ನರಿನ ಮೇಲೆ ಬೀಳುವುದಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಹೊರಡಬೇಕು. ಮೇಜಿನ ಮೇಲೆ ಬ್ಯಾಗ್ ರೆಡಿಯಾಗಿದೆ, ತಕ್ಕಡಿ 6.6 ತೋರಿಸಿತು. ಇನ್ನೂ 400 ಗ್ರಾಂ ಜಾಗ ಇದೆ. ನಿಪ್ಪಟ್ಟು ಹಾಕಲೋ, ಇನ್ನಷ್ಟು ಹುರಿಹಿಟ್ಟು ಹಾಕಲೋ ಅಂತ ಅಕ್ಕನಿಗೆ ಫೋನ್ ಮಾಡಿ ಕೇಳಬೇಕು.