ಉಚಿತ ಕಾನೂನು ನೆರವು: ಶಿಕ್ಷೆಯ ವಾದಕ್ಕೂ ವಕೀಲರು ಬೇಕು

ಶಿವಮೊಗ್ಗ ಜಿಲ್ಲೆಯ ನಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಒಂದು ಸಣ್ಣ ರೂಮು ಇದೆ. ಅಲ್ಲಿಂದ ನನ್ನ ತಮ್ಮನಿಗೆ ಸಿಕ್ಕ ಉಚಿತ ವಕೀಲರ ಬಗ್ಗೆ ಈ ಅಭಿಪ್ರಾಯ. ಐದಕ್ಕೆ ನಾಲ್ಕು ಸ್ಟಾರ್. ಫ್ರೀ ವಕೀಲರು ಅಂದ್ರೆ ಸುಮ್ನೆ ಬಂದು ನಿಂತು ಹೋಗ್ತಾರೆ ಅನ್ನುವ ಮಾತು ನಮ್ಮೂರ ಕಡೆ ಜಾಸ್ತಿ. ನಮಗೆ ಸಿಕ್ಕವರು ಹಾಗಿರಲಿಲ್ಲ.

ಕೇಸು ಇಷ್ಟು. ಮಳೆಗಾಲದಲ್ಲಿ ಅಡಿಕೆ ತೋಟದ ಬಸಿಗಾಲುವೆ ವಿಷಯಕ್ಕೆ ಪಕ್ಕದ ತೋಟದವರ ಜೊತೆ ಜಗಳವಾಯಿತು. ತಮ್ಮನ ಕೈಯಲ್ಲಿ ಸೊಪ್ಪು ಕಡಿಯುವ ಕತ್ತಿ ಇತ್ತು, ಬೀಸಿಬಿಟ್ಟ. ಅವರ ಮುಂಗೈ ಸೀಳಿ ಹೊಲಿಗೆ ಬಿತ್ತು. ಆಗ ಇನ್ನೂ ಹಳೆಯ ಕಾನೂನು. ಐಪಿಸಿ 324, ಅಂದರೆ ಅಪಾಯಕಾರಿ ಆಯುಧದಿಂದ ಗಾಯ ಮಾಡಿದ್ದಕ್ಕೆ ಇರುವ ಕಲಂ, ಹಾಕಿದರು. ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಊರಿನ ಹಿರಿಯರು ಎರಡೂ ಮನೆಯವರನ್ನು ಕೂರಿಸಿ ರಾಜಿ ಮಾಡಿಸಿದ್ದರು. ಆದರೆ 324 ತಾಲ್ಲೂಕು ಕೋರ್ಟಿನಲ್ಲಿ ರಾಜಿ ಹೇಳಿ ಮುಗಿಸುವ ಕಲಂ ಅಲ್ಲ. ಕೇಸು ನಡೆಯಲೇಬೇಕಾಯಿತು.

ಮೊದಲು ದುಡ್ಡು ಕೊಟ್ಟು ಇಟ್ಟುಕೊಂಡ ವಕೀಲರೊಬ್ಬರು ಅರ್ಧದಲ್ಲೇ ಬರುವುದು ಬಿಟ್ಟರು. ಕೊನೆಗೆ ಸಮಿತಿಗೆ ಅರ್ಜಿ ಹಾಕಿದೆವು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಜೈಲಿನಲ್ಲಿ ಇರುವವರು, ಇವರಿಗೆಲ್ಲ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಆದಾಯ ನೋಡದೇ ವಕೀಲರನ್ನು ಕೊಡುತ್ತಾರೆ. ತಮ್ಮನಿಗೆ ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತರಬೇಕಾಯಿತು.

ಬಂದವರು ಚಿಕ್ಕ ವಯಸ್ಸಿನ ಮೇಡಂ. ಫೈಲು ಓದಿ ಅವರು ಹೇಳಿದ ಮೊದಲ ಮಾತು, "ಅಕ್ಕಾ, ಸಾಕ್ಷಿ ಗಟ್ಟಿ ಇದೆ. ತಪ್ಪಿತಸ್ಥ ಅಂತ ಆಗಬಹುದು. ನಾವು ಶಿಕ್ಷೆಗೂ ಈಗಲೇ ತಯಾರಾಗೋಣ." ನಮಗೆ ಗೊತ್ತೇ ಇರಲಿಲ್ಲ. ಜಡ್ಜು ತಪ್ಪಿತಸ್ಥ ಅಂದ ಕೂಡಲೇ ಶಿಕ್ಷೆಯನ್ನೂ ಓದಿ ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆವು. ಹಾಗಲ್ಲ. ಶಿಕ್ಷೆ ಎಷ್ಟು ಅನ್ನುವುದರ ಮೇಲೆ ಆರೋಪಿಯ ಮಾತನ್ನು ಬೇರೆಯಾಗಿ ಕೇಳಬೇಕು ಅಂತ ಕಾನೂನಿನಲ್ಲೇ ಇದೆ. ಇದು ಬರೀ ಶಾಸ್ತ್ರಕ್ಕೆ ಕೇಳುವುದಲ್ಲ ಅಂತ ಸುಪ್ರೀಂ ಕೋರ್ಟು 1976ರಲ್ಲೇ ಸಂತಾ ಸಿಂಗ್ ಕೇಸಿನಲ್ಲಿ ಹೇಳಿದೆಯಂತೆ. 1980ರ ಬಚನ್ ಸಿಂಗ್ ತೀರ್ಪಿನಲ್ಲಿ, ಗಲ್ಲು ಶಿಕ್ಷೆಯ ವಿಷಯದಲ್ಲೇ, ಅಪರಾಧವನ್ನಷ್ಟೇ ಅಲ್ಲ ಅಪರಾಧಿಯನ್ನೂ ನೋಡಬೇಕು ಅಂದಿದ್ದಾರೆ. ನೇಣಿನ ಕೇಸಿಗೇ ಆ ಮಾತು ಇದೆ ಅಂದ ಮೇಲೆ ನಮ್ಮ ಕಾಲುವೆ ಜಗಳಕ್ಕೂ ಬೇಕು ಅಲ್ವಾ?

ಮೇಡಂ ತರಿಸಿದ ಕಾಗದಗಳನ್ನು ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. ಗಾಯವಾದವರ ಆಸ್ಪತ್ರೆ ಖರ್ಚನ್ನು ತಮ್ಮ ಕೊಟ್ಟಿದ್ದ, ಅದರ ರಸೀದಿ. ಅಮ್ಮನಿಗೆ ಮೆಗ್ಗಾನ್ ಆಸ್ಪತ್ರೆಯಲ್ಲಿ ನಡೆಯುತ್ತಿರುವ ಚಿಕಿತ್ಸೆಯ ಚೀಟಿಗಳು. ಪಹಣಿ, ಸೊಸೈಟಿ ಸಾಲದ ಪತ್ರ. ಜಾಮೀನು ಸಿಗುವ ಮೊದಲು ಅವನು ಒಳಗಿದ್ದ ದಿನಗಳ ಲೆಕ್ಕ, ಯಾಕೆಂದರೆ ಜೈಲು ಶಿಕ್ಷೆ ಆದರೆ ಆ ದಿನಗಳನ್ನು ಅದರಲ್ಲಿ ಕಳೆಯಬೇಕು. "ಬಡವರು ಸ್ವಾಮಿ ಅಂತ ಅತ್ತರೆ ಸಾಲದು, ಪ್ರತಿ ಮಾತಿಗೂ ಒಂದು ಕಾಗದ ಇರಲಿ" ಅಂತ ಹೇಳಿದರು.

ತೀರ್ಪಿನ ದಿನ ತಪ್ಪಿತಸ್ಥ ಅಂತಲೇ ಆಯಿತು. ಸರ್ಕಾರಿ ವಕೀಲರು ಜೈಲು ಕೇಳಿದರು. ಕತ್ತಿ ಹರಿತವಾಗಿತ್ತು, ಗಾಯವಾದವರು ಆ ವರ್ಷ ಅಡಿಕೆ ಗೊನೆ ಕೊಯ್ಲಿಗೆ ಹೋಗಲಾಗಲಿಲ್ಲ ಅಂದರು. ಅದು ನಿಜ. ಅವರ ಕೈಗೆ ಆದ ನೋವನ್ನು ನಮ್ಮ ಬಡತನ ಸಣ್ಣದು ಮಾಡುವುದಿಲ್ಲ. ಮೇಡಂ ಕೂಡ ಅದನ್ನು ಅಲ್ಲಗಳೆಯಲಿಲ್ಲ. ಕತ್ತಿಯನ್ನು ಹೊಡೆಯಲಿಕ್ಕೆ ಅಂತ ಮನೆಯಿಂದ ತಂದಿದ್ದಲ್ಲ, ಸೊಪ್ಪಿನ ಬೆಟ್ಟದಿಂದ ಬರುವಾಗ ಕೈಯಲ್ಲಿತ್ತು ಅಂದರು. ಹಿಂದೆ ಒಂದೂ ಕೇಸಿಲ್ಲ ಅಂದರು. ಆಮೇಲೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಎತ್ತಿದರು. ನೇಣು ಅಥವಾ ಜೀವಾವಧಿ ಇಲ್ಲದ ಅಪರಾಧಗಳಲ್ಲಿ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಲು ಅದರ 4ನೇ ಕಲಂನಲ್ಲಿ ಅವಕಾಶವಿದೆ. ಗರಿಷ್ಠ ಮೂರು ವರ್ಷ. 21 ವರ್ಷದೊಳಗಿನವರಾದರೆ ಜೈಲಿಗೆ ಕಳಿಸುವುದಕ್ಕೆ ಜಡ್ಜು ಕಾರಣ ಬರೆಯಲೇಬೇಕು. ತಮ್ಮ ಆ ವಯಸ್ಸು ದಾಟಿದ್ದ.

ಜಡ್ಜು ಅಂದೇ ಶಿಕ್ಷೆ ಹೇಳಲಿಲ್ಲ, ಪ್ರೊಬೇಷನ್ ಆಫೀಸರ್ (ಪರಿವೀಕ್ಷಣಾ ಅಧಿಕಾರಿ) ವರದಿ ಕೇಳಿದರು. ಆ ಆಫೀಸರ್ ಮನೆಗೆ ಬಂದರು. ಅಮ್ಮನನ್ನು ಮಾತಾಡಿಸಿದರು, ಸೊಸೈಟಿಯಲ್ಲಿ ವಿಚಾರಿಸಿದರು, ಗಾಯವಾದವರ ಮನೆಗೂ ಹೋದರು. ಕುಡಿಯುತ್ತಾನಾ, ಈಗಲೂ ಕಾಲುವೆ ಜಗಳ ಇದೆಯಾ ಅಂತೆಲ್ಲ ಕೇಳಿದರು. ಇಷ್ಟು ನೋಡಿ ಶಿಕ್ಷೆ ತೀರ್ಮಾನಿಸುತ್ತಾರೆ ಅಂತ ಆವತ್ತೇ ನನಗೆ ಗೊತ್ತಾಗಿದ್ದು. ಕೊನೆಗೆ ಒಂದು ವರ್ಷದ ಮುಚ್ಚಳಿಕೆ, ಒಬ್ಬ ಜಾಮೀನುದಾರ, ಜೊತೆಗೆ ಗಾಯವಾದವರಿಗೆ ಪರಿಹಾರ. ಮುಚ್ಚಳಿಕೆ ಮುರಿದರೆ ಮತ್ತೆ ಕರೆಸಿ ಅದೇ 324ಕ್ಕೆ ಶಿಕ್ಷೆ ಹಾಕಬಹುದು. ಪರಿಹಾರ ಕೊಡಿಸಿದ್ದು ನನಗೆ ತುಂಬಾ ಸರಿ ಅನ್ನಿಸಿತು. ಜೈಲು ಮಾತ್ರ ಆಗಿದ್ದರೆ ಅವರ ಕೈಗೆ ಏನು ಬರುತ್ತಿತ್ತು?

ಒಂದು ಸ್ಟಾರ್ ಕಡಿಮೆ ಯಾಕೆಂದರೆ, ವಾಯಿದೆ ಮುಂದಕ್ಕೆ ಹೋದರೆ ತಿಳಿಸುವ ವ್ಯವಸ್ಥೆ ಇಲ್ಲ. ಘಾಟಿ ರಸ್ತೆಯಲ್ಲಿ ಬೆಳಗಿನ ಬಸ್ಸು ಹಿಡಿದು ಬಂದು ಸುಮ್ಮನೆ ವಾಪಸ್ ಹೋಗಿದ್ದೇವೆ. ಒಂದು ದಿನದ ಕೂಲಿ ಹೋಗುತ್ತದೆ.

ಇನ್ನೊಂದು ಬೇಸರ ಈ ಸೇವೆಯದ್ದಲ್ಲ. ಇಂಥ ಕೇಸಿಗೆ ಇಷ್ಟು ಅನ್ನುವ ಅಳತೆ ನಮ್ಮ ದೇಶದಲ್ಲಿ ಸರಿಯಾಗಿ ಇಲ್ಲ. ಕಾನೂನು ಗರಿಷ್ಠ ಹೇಳುತ್ತದೆ, ಉಳಿದದ್ದು ಜಡ್ಜಿಗೆ ಬಿಟ್ಟಿದ್ದು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಮಳಿಮಠ ಅವರ ಸಮಿತಿ 2003ರಲ್ಲೇ ಶಿಕ್ಷೆಗೆ ಮಾರ್ಗಸೂಚಿ ಬೇಕು ಅಂದಿತ್ತು. ಅದು ಇನ್ನೂ ಆಗಿಲ್ಲ. ಹಾಗಾಗಿ ಚೆನ್ನಾಗಿ ವಾದಿಸುವ ವಕೀಲರು ಇಲ್ಲದವನಿಗೆ ಜಾಸ್ತಿ ಬೀಳುವ ಭಯ ಇದ್ದೇ ಇದೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಹೋಗುವವರು ಆಧಾರ್, ಎಫ್‌ಐಆರ್ ಪ್ರತಿ ಒಯ್ಯಿರಿ. ಹಳೆಯ ವಕೀಲರಿದ್ದರೆ ಅವರಿಂದ ಎನ್‌ಒಸಿ (ಬೇರೆ ವಕೀಲರನ್ನು ಇಟ್ಟುಕೊಳ್ಳಲು ಅಭ್ಯಂತರವಿಲ್ಲ ಅನ್ನುವ ಪತ್ರ) ಸಹಿ ತೆಗೆದುಕೊಳ್ಳಿ, ನಮಗೆ ಅದಕ್ಕೇ ತಡವಾಯಿತು. ಕೊಟ್ಟ ವಕೀಲರು ಸರಿ ಬರದಿದ್ದರೆ ಬೇರೆಯವರನ್ನು ಕೊಡಿ ಅಂತ ಅರ್ಜಿ ಹಾಕಬಹುದು. ಫೋನಿನಲ್ಲೇ ಕೇಳಬೇಕು ಅಂದರೆ 15100, ದುಡ್ಡು ಬೀಳುವುದಿಲ್ಲ. ಶಿಕ್ಷೆಯ ವಾದಕ್ಕೆ ಕಾಗದ ತರಬೇಕು ಅಂತಿದ್ದರೆ ಜಡ್ಜ್ ಹತ್ತಿರ ಟೈಮ್ ಕೇಳಿಸಿ. ಜೈಲು ಶಿಕ್ಷೆ ಆದರೆ ತೀರ್ಪಿನ ಒಂದು ಪ್ರತಿಯನ್ನು ಆಗಲೇ ಪುಕ್ಕಟೆ ಕೊಡಬೇಕು, ಕೇಳಿ ತೆಗೆದುಕೊಳ್ಳಿ. ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಲು ಇರುವುದು 30 ದಿನ.