3 ಕೆವಿಎ ಪೆಟ್ರೋಲ್ ಜನರೇಟರ್: ವೋಲ್ಟೇಜ್ ಸರಿ ಇದೆ, ಹರ್ಟ್ಜ್ ನೋಡಿದ್ರಾ?

ಎವಿಆರ್ (ವೋಲ್ಟೇಜನ್ನು ತಾನಾಗಿಯೇ ಒಂದೇ ಮಟ್ಟದಲ್ಲಿ ಹಿಡಿದಿಡುವ ಸರ್ಕ್ಯೂಟ್) ಇರುವ 3 ಕೆವಿಎ ಪೆಟ್ರೋಲ್ ಜನರೇಟರ್ ಇದು. ಒಂದು ವರ್ಷಕ್ಕಿಂತ ಜಾಸ್ತಿ ಮನೆಗೆ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಎಂಜಿನ್ ಗಟ್ಟಿ, ಶಬ್ದ ಜಾಸ್ತಿ, ಪೆಟ್ರೋಲ್ ಚೆನ್ನಾಗಿಯೇ ಕುಡಿಯುತ್ತದೆ. ಈ ಸೈಜಿನ ಜನರೇಟರ್ ಎಂದ ಮೇಲೆ ಇಷ್ಟು ಇದ್ದದ್ದೇ. ನಾನು ಹೇಳಬೇಕಾದದ್ದು ಇದರ ಸೆಟ್ಟಿಂಗ್ ಬಗ್ಗೆ.

ಹೊಸದರಲ್ಲಿ ಪ್ಯಾನೆಲ್ ಮೇಲಿನ ವೋಲ್ಟ್ ಮೀಟರ್ ಸದಾ 230 ತೋರಿಸುತ್ತಿತ್ತು. ಲೈಟು, ಫ್ಯಾನು, ಟಿವಿ ಎಲ್ಲ ಸಲೀಸಾಗಿ ಓಡುತ್ತಿದ್ದವು. ಯುಪಿಎಸ್ ಮಾತ್ರ ಜನರೇಟರ್ ಕರೆಂಟನ್ನು ಒಪ್ಪಲೇ ಇಲ್ಲ. ಒಳಗಿನ ರಿಲೇ ಟಕ್ ಎಂದು ಜನರೇಟರಿಗೆ ಬರುವುದು, ಸ್ವಲ್ಪ ಹೊತ್ತಿಗೇ ಮತ್ತೆ ಟಕ್ ಎಂದು ಬ್ಯಾಟರಿಗೆ ಹೋಗುವುದು. ಹೊರಗೆ ಜನರೇಟರ್ ಓಡುತ್ತಿದ್ದರೂ ಒಳಗೆ ಬ್ಯಾಟರಿ ಖಾಲಿ. ಮಾರಿದವರನ್ನು ಕೇಳಿದರೆ, "ಯುಪಿಎಸ್ ಹಾಳಾಗಿರಬೇಕು, ಅದನ್ನ ತೋರಿಸಿ" ಅಂದರು. ಹರ್ಟ್ಜ್, ಅಂದರೆ ಫ್ರೀಕ್ವೆನ್ಸಿ (ಕರೆಂಟ್ ಸೆಕೆಂಡಿಗೆ ಎಷ್ಟು ಆವರ್ತ ಮುಗಿಸುತ್ತದೆ ಅನ್ನುವ ಲೆಕ್ಕ) ತೋರಿಸುವ ಚಿಕ್ಕ ಮೀಟರನ್ನು ಪ್ಲಗ್ಗಿಗೆ ಸಿಕ್ಕಿಸಿ ನೋಡಿದೆ. ಇರಬೇಕಾದದ್ದು 50, ಇಲ್ಲಿ ಲೋಡ್ ಇಲ್ಲದೆ 55, ಮನೆಯ ಲೋಡ್ ಹಾಕಿದರೂ 54!

ಎವಿಆರ್ ಇರುವ ಜನರೇಟರಿನಲ್ಲಿ ವೋಲ್ಟೇಜ್ ಸರಿ ಇದ್ದ ಮಾತ್ರಕ್ಕೆ ಫ್ರೀಕ್ವೆನ್ಸಿ ಸರಿ ಇದೆ ಅಂತಲ್ಲ. ಎರಡಕ್ಕೂ ಯಜಮಾನರು ಬೇರೆ ಬೇರೆ. ಫ್ರೀಕ್ವೆನ್ಸಿ ಬರುವುದು ಎಂಜಿನ್ ವೇಗದಿಂದ, ಆ ವೇಗ ಗವರ್ನರ್ ಕೈಯಲ್ಲಿದೆ. ವೋಲ್ಟೇಜ್ ಎವಿಆರ್ ಕೈಯಲ್ಲಿ. ವೇಗ ಏರಿದರೆ ಎವಿಆರ್ ಒಳಗೆ ತಿರುಗುವ ರೋಟರ್‌ಗೆ ಕೊಡುವ ಕರೆಂಟನ್ನು ಕಡಿಮೆ ಮಾಡಿ ಮೀಟರನ್ನು 230ರಲ್ಲೇ ನಿಲ್ಲಿಸುತ್ತದೆ. ಅಂದರೆ ಪ್ಯಾನೆಲ್ ಮೀಟರ್ ಸುಳ್ಳು ಹೇಳುತ್ತಿಲ್ಲ, ಅರ್ಧ ಮಾತ್ರ ಹೇಳುತ್ತಿದೆ. ಎವಿಆರ್ ಇಲ್ಲದ ಕೆಪಾಸಿಟರ್ ಮಾಡೆಲ್‌ಗಳಲ್ಲಿ ವೇಗದ ಜೊತೆ ವೋಲ್ಟೇಜೂ ಏರುತ್ತದೆ, ಅಲ್ಲಿ ಈ ಗಡಿಬಿಡಿ ಬೇಗ ಕಣ್ಣಿಗೆ ಬೀಳುತ್ತದೆ.

ಲೆಕ್ಕ ಸುಲಭ. ಎರಡು ಪೋಲ್ (ಅಯಸ್ಕಾಂತದ ಧ್ರುವ) ಇರುವ ಆಲ್ಟರ್ನೇಟರಿನಲ್ಲಿ, ಅಂದರೆ ಕರೆಂಟ್ ಹುಟ್ಟಿಸುವ ಭಾಗದಲ್ಲಿ, 3000 ಆರ್‌ಪಿಎಂಗೆ 50 ಹರ್ಟ್ಜ್, ಅಂದರೆ 60 ಆರ್‌ಪಿಎಂಗೆ ಒಂದು ಹರ್ಟ್ಜ್. 54 ಇದೆ ಅಂದರೆ ಎಂಜಿನ್ 3240ರಲ್ಲಿ ಓಡುತ್ತಿದೆ. ಲೈಟಿಗೆ ಇದರಿಂದ ಏನೂ ಆಗಲ್ಲ. ನೀರಿನ ಪಂಪಿಗೆ ಆಗುತ್ತದೆ. ಮೋಟರ್ ಶೇ 8ರಷ್ಟು ಜೋರಾಗಿ ತಿರುಗಿದರೆ ಸೆಂಟ್ರಿಫ್ಯೂಗಲ್ ಪಂಪ್ ಎಳೆಯುವ ಶಕ್ತಿ ಸುಮಾರು ಶೇ 25 ಏರುತ್ತದೆ. 3 ಕೆವಿಎಯಲ್ಲಿ ಅಷ್ಟು ಸುಮ್ನೆ ಬಿಟ್ಟುಕೊಡೋಕೆ ಆಗುತ್ತಾ?

ಸರಿಪಡಿಸಿದ್ದು ಗವರ್ನರ್ ಸ್ಪ್ರಿಂಗನ್ನು ಬಿಗಿ ಸಡಿಲ ಮಾಡುವ ಸ್ಕ್ರೂನಿಂದ. ಕಾರ್ಬ್ಯುರೇಟರ್ ಮೇಲೂ ಒಂದು ಸ್ಕ್ರೂ ಇದೆ, ಅದಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾಗಿ, ಚೋಕ್ ಪೂರ್ತಿ ತೆಗೆದ ಮೇಲೆಯೇ ಕೈ ಹಾಕಬೇಕು. ಲಾಕ್ ನಟ್ ಸಡಿಲಿಸಿ, ಕಾಲು ಸುತ್ತು ತಿರುಗಿಸಿ, ಎಂಜಿನ್ ಒಂದು ಹದಕ್ಕೆ ಬರುವವರೆಗೆ ಕಾದು, ಮೀಟರ್ ನೋಡುವುದು. ಲೋಡ್ ಇಲ್ಲದಾಗ 50ಕ್ಕೆ ಇಟ್ಟರೆ ಕೆಲಸ ಕೆಟ್ಟಿತು. ಲೋಡ್ ಬಿದ್ದಾಗ ಇಂಥ ಎಂಜಿನ್ ವೇಗ ಸ್ವಲ್ಪ ಇಳಿಯುವುದು ಸಹಜ, ಹಾಗಾಗಿ ಮೊದಲೇ ಒಂದಿಷ್ಟು ಮೇಲಿಡಬೇಕು. ನನ್ನದು ಈಗ ಖಾಲಿ ಓಡುವಾಗ 52. ಫ್ರಿಜ್, ಲೈಟು, ಫ್ಯಾನು ಹಾಕಿದರೆ 50.8. ಪಂಪೂ ಸೇರಿದರೆ 49.6. ಯುಪಿಎಸ್ ಒಂದೇ ಟಕ್‌ಗೆ ಬಂದು ಕೂತಿತು, ಚಾರ್ಜಿಂಗ್ ಲೈಟು ಹತ್ತಿತು.

ಪೆಟ್ರೋಲ್ ಉಳಿಯುತ್ತದೆ ಅಂತ ವೇಗವನ್ನು ಇನ್ನೂ ಇಳಿಸುವವರಿದ್ದಾರೆ. ಬೇಡ. ಹರ್ಟ್ಜ್ ಕಡಿಮೆಯಾಗಿ ವೋಲ್ಟೇಜ್ ಮಾತ್ರ ಹಾಗೇ ಇದ್ದರೆ ಮೋಟರು, ಟ್ರಾನ್ಸ್‌ಫಾರ್ಮರು ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತವೆ. ಮೊದಲು ಏಟು ಬೀಳುವುದು ಫ್ರಿಜ್‌ಗೇ.

ವೋಲ್ಟೇಜ್ ಸ್ಕ್ರೂ ಎವಿಆರ್ ಮೇಲೆ ಇದೆ, ಆಲ್ಟರ್ನೇಟರ್ ಹಿಂದಿನ ಮುಚ್ಚಳ ತೆಗೆದರೆ ಸಿಗುತ್ತದೆ. ವೇಗ ಸರಿಯಾದ ಮೇಲೆ ನನ್ನಲ್ಲಿ 228 ಬರುತ್ತಿತ್ತು, ಮುಟ್ಟಲಿಲ್ಲ. ಓಡುವಾಗ ಅಲ್ಲೆಲ್ಲ ಕರೆಂಟ್ ಇರುತ್ತದೆ. ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಗೇ ಬಿಡಿ. ಮನೆಗೆ ಜೋಡಿಸುವುದಂತೂ ಚೇಂಜ್‌ಓವರ್ ಸ್ವಿಚ್ (ಲೈನ್ ಕರೆಂಟ್ ಅಥವಾ ಜನರೇಟರ್, ಒಂದನ್ನು ಮಾತ್ರ ಮನೆಗೆ ಜೋಡಿಸುವಂಥದ್ದು) ಮೂಲಕವೇ ಆಗಬೇಕು, ಇಲ್ಲದಿದ್ದರೆ ಜನರೇಟರ್ ಕರೆಂಟ್ ಹೊರಗೆ ಹರಿದು ಅಲ್ಲಿನ ಲೈನಿನಲ್ಲಿ ಕೆಲಸ ಮಾಡುತ್ತಿರುವವರ ಜೀವಕ್ಕೇ ಅಪಾಯ. ಜನರೇಟರ್ ಇರಬೇಕಾದದ್ದು ಬಯಲಲ್ಲಿ, ಕಿಟಕಿ ಬಾಗಿಲಿನಿಂದ ದೂರ.

ಕೆಲವು ತಿಂಗಳ ನಂತರ ಎಂಜಿನ್ ಒಂದೇ ಸಮ ಓಡದೆ ಏರುವುದು, ಇಳಿಯುವುದು ಶುರು ಮಾಡಿತು. ಮೀಟರಿನಲ್ಲಿ 48ರಿಂದ 53ರವರೆಗೆ ಓಲಾಟ, ಎಲ್‌ಇಡಿ ಬಲ್ಬುಗಳೂ ಅದೇ ತಾಳಕ್ಕೆ ಮಿನುಗುತ್ತಿದ್ದವು. ಇದಕ್ಕೆ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ. ಹಳೇ ಪೆಟ್ರೋಲ್ ಕಾರ್ಬ್ಯುರೇಟರಿನಲ್ಲಿ ಅಂಟು ಕಟ್ಟಿತ್ತು. ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಕ್ಲೀನ್ ಮಾಡಿಸಿದ ಮೇಲೆ ಓಲಾಟ ನಿಂತಿತು. ಈಗ ತುಂಬಾ ದಿನ ನಿಲ್ಲಿಸುವಾಗ ಪೆಟ್ರೋಲ್ ಖಾಲಿ ಮಾಡಿಯೇ ಇಡುತ್ತೇನೆ.

5ಕ್ಕೆ 4 ಸ್ಟಾರ್. ಒಂದು ಕಳೆದದ್ದು ಪ್ಯಾನೆಲ್‌ನಲ್ಲಿ ಹರ್ಟ್ಜ್ ಮೀಟರ್ ಇಲ್ಲದ್ದಕ್ಕೆ, ಜೊತೆಗೆ ಕೈಪಿಡಿಯಲ್ಲಿ ಗವರ್ನರ್ ಬಗ್ಗೆ ಒಂದು ಸಾಲೂ ಇಲ್ಲದ್ದಕ್ಕೆ. ಸ್ಕ್ರೂ, ಮೀಟರ್ ಇದೆಲ್ಲ ತಲೆನೋವು ಅನ್ನುವವರು ಇನ್ವರ್ಟರ್ ಜನರೇಟರ್ ತಗೊಳ್ಳಿ. ಅದರಲ್ಲಿ ಎಂಜಿನ್ ಎಷ್ಟೇ ವೇಗದಲ್ಲಿ ಓಡಲಿ, ಹೊರಗೆ ಬರುವ ಹರ್ಟ್ಜನ್ನು ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುತ್ತದೆ. ಅದೇ ಕೆವಿಎಗೆ ದುಡ್ಡು ಮಾತ್ರ ಜಾಸ್ತಿ.